ಏಳರ ಶೇಷ

ಶ್ರೂಸ್‌ಬರಿಯ ದಾಖಲೆ ಕಚೇರಿಯ ನೆಲಮಾಳಿಗೆ.
ಹೀಟರು ಕೆಟ್ಟು ಇಂದಿಗೆ ಮೂರು ದಿನ.
ಕೋಟು ಬಿಚ್ಚದೆ ಕೂತು
ಸತ್ತವರ ತಾರೀಖುಗಳಿಗೆ ವಾರ ಹುಡುಕುತ್ತಿದ್ದೇನೆ.

ಕೆಲಸ ಸುಲಭದ್ದೇ.
ಜನವರಿ ಫೆಬ್ರವರಿಯನ್ನು ಬಿಚ್ಚಿ
ಹಿಂದಿನ ವರ್ಷದ ಬಾಲಕ್ಕೆ ಕಟ್ಟು,
ನಾಲ್ಕಕ್ಕೊಮ್ಮೆ ಒಂದು ದಿನ ಕೊಡು,
ನೂರಕ್ಕೊಮ್ಮೆ ಕಸಿದುಕೋ, ನಾನೂರಕ್ಕೊಮ್ಮೆ ಪಾಪ ಅಂತ ವಾಪಸು ಕೊಡು,
ಬಂದ ಮೊತ್ತವನ್ನು ಏಳರಿಂದ ಭಾಗಿಸು.
ಭಾಗಲಬ್ಧ ಯಾರಿಗೂ ಬೇಡ.
ಶೇಷವೇ ವಾರ.
ಸೊನ್ನೆ ಉಳಿದರೆ ಭಾನುವಾರ.
ಇನ್ನೊಂದು ಭಾಷೆಯಲ್ಲಿ ಸೊನ್ನೆ ಎಂದರೆ ಸೋಮವಾರ;
ಅದನ್ನು ಮರೆತು ಕಳೆದ ತಿಂಗಳು
ಇಡೀ ಒಂದು ಊರನ್ನು ಶನಿವಾರ ಚರ್ಚಿಗೆ ಕಳಿಸಿದ್ದೆ.

ಇವತ್ತಿನದು ಚರ್ಮದ ರಟ್ಟಿನ ಪುಸ್ತಕ.
ಸೆವರ್ನ್ ನದಿ ಯಾವಾಗಲೋ ಒಳಬಂದು ಅಂಚು ನೆಕ್ಕಿ ಹೋಗಿದೆ.
ಬರೆದವನು ಒಬಡಾಯ ಪ್ಯೂ, ಚರ್ಚಿನ ಗುಮಾಸ್ತ.
ಅವನ ಎಸ್ಸುಗಳೆಲ್ಲ ಎಫ್ಫಿನ ವೇಷದಲ್ಲಿವೆ.

೧೭೫೨, ಏಪ್ರಿಲ್ ೧೨, ಭಾನುವಾರ:
ನಾಮಕರಣ, ತಾಮಸಿನ್, ಗಿಟಿನ್ಸ್ ಮನೆಯ ಮಗಳು.
ಬುಧವಾರ, ಎಂದಿತು ನನ್ನ ಪ್ರೋಗ್ರಾಮು.
ಏಪ್ರಿಲ್ ೧೯, ಭಾನುವಾರ.
ಬುಧವಾರ.
ಏಪ್ರಿಲ್ ೨೬.
ಬುಧವಾರ, ಬುಧವಾರ.
ಕುಡುಕ ಇರಬೇಕು ಈ ಪ್ಯೂ, ಅಂದುಕೊಂಡೆ.
ಮೇಷ್ಟರ ಹಾಗೆ ಸಾಲುಸಾಲಿಗೂ ಕೆಂಪು ಹಾಕುತ್ತ ಹೋದೆ.

ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು ಡಿಲಿಸ್.
ಎಪ್ಪತ್ತೊಂಬತ್ತು ವಯಸ್ಸು, ಸಂಬಳ ಇಲ್ಲ,
ಕಂಪ್ಯೂಟರಿಗೆ 'ಅವನು' ಎನ್ನುತ್ತಾಳೆ.
ಪರದೆ ನೋಡಿ, ನನ್ನನ್ನು ನೋಡಿ, ಹೇಳಿದಳು:
"ತಾರೀಖು ತಪ್ಪಬಹುದು ಕಣೇ,
ಚರ್ಚಿನ ಗುಮಾಸ್ತನಿಗೆ ಭಾನುವಾರ ತಪ್ಪುತ್ತದೆಯೇ?"

ತಪ್ಪಿದ್ದು ನಾನು.
ಹಳೆ ಲೆಕ್ಕ ಬಿಟ್ಟು ಈ ದೇಶ ಹೊಸ ಲೆಕ್ಕಕ್ಕೆ ಹಾರಿದ ವರ್ಷ ಅದು.
ಸೆಪ್ಟೆಂಬರ್ ಎರಡು, ಬುಧವಾರ ಮಲಗಿದವರು
ಹದಿನಾಲ್ಕು, ಗುರುವಾರ ಕಣ್ಣುಬಿಟ್ಟರು.
ವಾರ ಕಡಿಯಲಿಲ್ಲ. ತಾರೀಖು ಕಡಿಯಿತು.
ನಮ್ಮ ಪಂಚಾಂಗದವರಾದರೆ
ಇಡೀ ತಿಂಗಳನ್ನೇ ಅಧಿಕ ಕೊಟ್ಟು ಸರಿತೂಗಿಸುತ್ತಾರೆ;
ಇವರು ಹನ್ನೊಂದು ದಿನ ನುಂಗಿ ಬಾಯಿ ಒರೆಸಿಕೊಂಡರು.

ಪುಟ ತಿರುಗಿಸಿದೆ.
ಸೆಪ್ಟೆಂಬರ್ ೨, ಬುಧವಾರ: ಒಬ್ಬ ಕಮ್ಮಾರ. ಜ್ವರ.
ಅದರ ಕೆಳಗೇ, ಒಂದು ಗೆರೆಯ ಜಾಗವನ್ನೂ ಬಿಡದೆ,
ಸೆಪ್ಟೆಂಬರ್ ೧೪, ಗುರುವಾರ:
ತಾಮಸಿನ್ ಗಿಟಿನ್ಸ್, ಕೂಸು.

ನಾಮಕರಣದಿಂದ ಮಣ್ಣಿಗೆ ಎಷ್ಟು ದಿನ,
ಪ್ರೋಗ್ರಾಮು ಆಗಲೇ ಬರೆದಿಟ್ಟಿತ್ತು: ನೂರ ಐವತ್ತೈದು.
ನಾನು ಮುಷ್ಟಿ ಕಟ್ಟಿ ಎಣಿಸಿದೆ, ಶಾಲೆಯಲ್ಲಿ ಕಲಿತ ಹಾಗೆ,
ಗೆಣ್ಣಿಗೆ ಮೂವತ್ತೊಂದು, ತಗ್ಗಿಗೆ ಮೂವತ್ತು.
ನುಂಗಿದ್ದನ್ನು ಕಳೆದೆ.
ನೂರ ನಲವತ್ತನಾಲ್ಕು.

ಹನ್ನೊಂದು ದಿನ ಹೆಚ್ಚಿಗೆ ಬದುಕಿಸಿತ್ತು ಅವಳನ್ನು ನನ್ನ ತಪ್ಪು.
ಹನ್ನೊಂದು ದಿನದಲ್ಲಿ ಕೂಸು ಬೋರಲು ಬೀಳಬಹುದು.
ವಸಡಿನಲ್ಲಿ ಅಕ್ಕಿಕಾಳಿನಷ್ಟು ಹಲ್ಲು.
ತಾಯಿ ಯಾರನ್ನೋ ಕರೆದು ತೋರಿಸಬಹುದು.
ಯಾವ ತಾಯಿ? ಆ ಹೆಸರಿನ ಮೇಲೇ ಕೂತಿದೆ ಸೆವರ್ನಿನ ಕಲೆ.

ತಿದ್ದಬೇಕು. ಒಂದೇ ಸಾಲು:
ತಾರೀಖು ಇದಕ್ಕಿಂತ ಹಿಂದಿನದಾದರೆ ಹಳೆ ಲೆಕ್ಕ ಹಿಡಿ.
ಡಿಲಿಸ್ ಮೇಲೆ ಹತ್ತಿಹೋದ ಮೇಲೂ
ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದೆ.
ಚಹಾ ಕೆನೆಗಟ್ಟಿತು.

ಒತ್ತಿದೆ.
ಭಾನುವಾರಗಳೆಲ್ಲ ಭಾನುವಾರಕ್ಕೆ ಮರಳಿದವು.
ಪ್ಯೂ ಮಹಾಶಯನ ಮೇಲಿನ ಕೆಂಪು ಅಳಿಯಿತು.
ಮಂಗಳವಾರ, ಶುಕ್ರವಾರ ಮಗಳನ್ನು ಕಳಿಸುವುದಿಲ್ಲ ನಮ್ಮ ಕಡೆ.
ಇವಳನ್ನು ಕಳಿಸಿದ್ದು ಗುರುವಾರ,
ತಿದ್ದುವ ಮೊದಲೂ, ತಿದ್ದಿದ ಮೇಲೂ.

ಏಳು, ಎನ್ನುತ್ತದೆ ಪ್ರೋಗ್ರಾಮು ಒಂದೊಂದು ಹೆಸರಿಗೂ,
ಏಳು, ಏಳು, ಏಳು.
ನನ್ನ ಕಿವಿಗೆ ಎರಡು ಅರ್ಥ, ಅದಕ್ಕೆ ಒಂದೇ.

ಇಪ್ಪತ್ತು ವಾರ ತುಂಬಿ, ಮೇಲೆ ನಾಲ್ಕು ದಿನ ಮಿಕ್ಕಿತ್ತು:
ಭಾನು, ಸೋಮ, ಮಂಗಳ, ಬುಧ.
ತಾರೀಖಿನ ಪ್ರಕಾರ ಹನ್ನೆರಡು ದಿನ ಹಳೆಯದು
ಪಕ್ಕದಲ್ಲೇ ಕಮ್ಮಾರನ ಗುಂಡಿ.
ಮಣ್ಣು ಇನ್ನೂ ಹಸಿ.
ನಿನ್ನೆ ತೋಡಿದ್ದು ಅದು.